ಹೊಸ ವ್ಯವಸ್ಥೆ ಹಾಕಿದೊಡನೆ ಮೂಕವಾಗುವ ಲ್ಯಾಪ್‌ಟಾಪು

ಲ್ಯಾಪ್‌ಟಾಪು ಇರುವ ಮನೆಯಲ್ಲಿ ಎಂದಾದರೊಂದು ದಿನ ಅದನ್ನು 'ಫಾರ್ಮ್ಯಾಟ್' ಮಾಡಿಸುವ ಪ್ರಸಂಗ ಬಂದೇ ಬರುತ್ತದೆ. ಯಂತ್ರ ನಿಧಾನವಾಯಿತೆಂದೋ, ವೈರಸ್ಸು ಹೊಕ್ಕಿತೆಂದೋ, ಹಳೆಯ ಡಿಸ್ಕು ತೆಗೆದು ಹೊಸದನ್ನು ಹಾಕಿಸಿದೆವೆಂದೋ, ಅದರ ಆಪರೇಟಿಂಗ್ ಸಿಸ್ಟಮ್ಮನ್ನು, ಎಂದರೆ ಯಂತ್ರವನ್ನು ನಡೆಸುವ ಮೂಲ ವ್ಯವಸ್ಥೆಯನ್ನು, ಪೂರ್ತಿಯಾಗಿ ಅಳಿಸಿ ಹೊಸದಾಗಿ ಸ್ಥಾಪಿಸುತ್ತೇವೆ. ವಿಂಡೋಸ್ 10 ಎಂಬ ವ್ಯವಸ್ಥೆಗೆ ಅದರ ತಯಾರಕರು ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದ ಮೇಲಂತೂ ಈ ಕೆಲಸ ಅನೇಕ ಮನೆಗಳ ಬಾಗಿಲಿಗೆ ಒಮ್ಮೆಗೇ ಬಂದಿದೆ.

ಕೆಲಸ ಮುಗಿದು ಪರದೆ ಬೆಳಗುತ್ತದೆ. ಯಂತ್ರ ಹೊಸದರಂತೆ ಚುರುಕಾಗಿದೆ. ಆದರೆ ಕೆಳಗಣ ಮೂಲೆಯಲ್ಲಿ ಇರಬೇಕಾಗಿದ್ದ ವೈ-ಫೈ ಗುರುತು ಮಾತ್ರ ಕಾಣುವುದಿಲ್ಲ. ಅಥವಾ ಗುರುತಿದ್ದರೂ ಮನೆಯ ಜಾಲದ ಹೆಸರು ಕಾಣುವುದಿಲ್ಲ. ಮಗಳ ಕಾಲೇಜಿನ ಅರ್ಜಿಗೆ ನಾಳೆಯೇ ಕೊನೆಯ ದಿನವಾಗಿದ್ದರೆ, ಅಥವಾ ಮನೆಯಿಂದಲೇ ಕಚೇರಿಯ ಕೆಲಸ ಮಾಡುವವರ ಯಂತ್ರ ಅದಾಗಿದ್ದರೆ, ಆ ಹೊತ್ತಿನ ಗಾಬರಿಯನ್ನು ಹೇಳತೀರದು. ಆ ಗಾಬರಿಯಲ್ಲಿ ಯಾರಾದರೂ "ಕಾರ್ಡು ಸುಟ್ಟುಹೋಗಿದೆ, ಬದಲಾಯಿಸಬೇಕು" ಎಂದರೆ ನಾವು ಒಪ್ಪಿಬಿಡುತ್ತೇವೆ. ಚೆನ್ನಾಗಿರುವ ಭಾಗವನ್ನು ಕಿತ್ತು ಹಾಕಿಸಿ ಹಣ ತೆತ್ತು ಬರುತ್ತೇವೆ. ಕೆಲವರು ಯಂತ್ರವನ್ನೇ ಮೂಲೆಗೆ ಸೇರಿಸುವುದೂ ಉಂಟು.

ಹಾಗೆ ಮಾಡುವ ಮುನ್ನ ಒಂದು ಮಾತನ್ನು ಮನಸ್ಸಿನಲ್ಲಿಡಿ. ನಿನ್ನೆ ಸಂಜೆಯವರೆಗೆ ಕೆಲಸ ಮಾಡುತ್ತಿದ್ದ ಭಾಗವು ಮೂಲ ವ್ಯವಸ್ಥೆಯನ್ನು ಬದಲಾಯಿಸಿದ ಮಾತ್ರಕ್ಕೆ ಸಾಯುವುದಿಲ್ಲ. ಸತ್ತಿರುವುದು ಕಾರ್ಡಲ್ಲ, ಅದಕ್ಕೂ ಹೊಸ ವ್ಯವಸ್ಥೆಗೂ ನಡುವಣ ಮಾತುಕತೆ. ಅದು ಎಲ್ಲಿ ಕಡಿದಿದೆ ಎಂಬುದನ್ನು ಕ್ರಮವಾಗಿ ಹುಡುಕಿದರೆ, ಬಹುಮಟ್ಟಿಗೆ ಮನೆಯಲ್ಲೇ, ಒಂದು ಕಾಸೂ ಖರ್ಚಿಲ್ಲದೆ ಸರಿಪಡಿಸಬಹುದು. ಆ ಕ್ರಮವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಒಳಗಿರುವುದೂ ಒಂದು ರೇಡಿಯೋ

ರೇಡಿಯೋ ಇಟ್ಟುಕೊಂಡ ಮನೆಯವರಿಗೆ ವೈ-ಫೈ ಎಂಬುದು ಪರಕೀಯವಾಗಿ ತೋರಬೇಕಾಗಿಲ್ಲ. ಅದೂ ರೇಡಿಯೋ ಅಲೆಯೇ. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗವನ್ನು ಕೇಳುತ್ತ ಬಂದವರಿಗೆ 612 ಕಿಲೋಹರ್ಟ್ಸ್ ಎಂಬ ಅಂಕಿ ಪರಿಚಿತ. ಆ ಅಲೆಯ ಉದ್ದ ಸುಮಾರು 490 ಮೀಟರು. ವೈ-ಫೈ ಬಳಸುವ 2.4 ಗಿಗಾಹರ್ಟ್ಸಿನ ಅಲೆ ಸುಮಾರು 12 ಸೆಂಟಿಮೀಟರು ಮಾತ್ರ. 5 ಗಿಗಾಹರ್ಟ್ಸಿನದು 6 ಸೆಂಟಿಮೀಟರಿನ ಆಸುಪಾಸು. ಅಲೆ ಇಷ್ಟು ಚಿಕ್ಕದಾದ್ದರಿಂದಲೇ ಏರಿಯಲ್ ತಂತಿಯನ್ನು ಮಹಡಿಯ ಮೇಲೆ ಕಟ್ಟಬೇಕಾಗಿಲ್ಲ. ಲ್ಯಾಪ್‌ಟಾಪಿನ ಪರದೆಯ ಅಂಚಿನೊಳಗೇ ಅದು ಅಡಗಿರುತ್ತದೆ. ಅಲ್ಲಿಂದ ಎರಡು ಸಣ್ಣ ತಂತಿಗಳು ಕೀಲಿನ ಮೂಲಕ ಕೆಳಗಿಳಿದು, ಬಹುಪಾಲು ಯಂತ್ರಗಳಲ್ಲಿ 22 ಮಿಲಿಮೀಟರು ಅಗಲ, 30 ಮಿಲಿಮೀಟರು ಉದ್ದದ ಒಂದು ಪುಟ್ಟ ಕಾರ್ಡಿಗೆ ಸೇರುತ್ತವೆ. ಆ ಕಾರ್ಡೇ ನಮ್ಮ ರೇಡಿಯೋ. ಅದು ಕೇಳುವುದಷ್ಟೇ ಅಲ್ಲ, ಹೇಳುತ್ತದೆ ಕೂಡ.

ಹಿಂದೆ ರೇಡಿಯೋ ಸೆಟ್ಟು ಇಟ್ಟುಕೊಳ್ಳಲು ಅಂಚೆ ಕಚೇರಿಗೆ ಹಣ ಕಟ್ಟಿ ಲೈಸೆನ್ಸು ಪಡೆಯಬೇಕಾಗಿತ್ತೆಂಬುದು ಹಿರಿಯರಿಗೆ ನೆನಪಿರಬಹುದು. ಮನೆಯ ವೈ-ಫೈಗೆ ಅಂತಹ ಲೈಸೆನ್ಸು ಬೇಡ. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸಿನ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ 2005ರಲ್ಲಿಯೂ, 5 ಗಿಗಾಹರ್ಟ್ಸಿನ ವಿಶಾಲವಾದ ಪಟ್ಟಿಗಳಿಗೆ 2018ರಲ್ಲಿಯೂ ಸರಕಾರ ಈ ವಿನಾಯಿತಿ ಕೊಟ್ಟಿತು. ಆದರೆ ಯಾವ ದೇಶದಲ್ಲಿ ಯಾವ ಚಾನೆಲ್ಲು ಬಳಸಬಹುದೆಂಬ ನಿಯಮ ಮಾತ್ರ ಉಳಿದಿದೆ. ಅದರಿಂದಲೂ ಒಂದು ತೊಡಕು ಹುಟ್ಟುವುದನ್ನು ಮುಂದೆ ನೋಡೋಣ.

ಅಳಿಸಿಹೋದದ್ದು ಯಾವುದು?

ಹಳೆಯ ರೇಡಿಯೋ ಸೆಟ್ಟಿನ ಗುಬುಟನ್ನು ನಾವು ಕೈಯಿಂದ ತಿರುಗಿಸುತ್ತಿದ್ದೆವು. ಲ್ಯಾಪ್‌ಟಾಪಿನ ರೇಡಿಯೋಗೆ ಗುಬುಟಿಲ್ಲ. ಅದನ್ನು ತಿರುಗಿಸುವ ಕೈ ಎಂದರೆ 'ಡ್ರೈವರ್' ಎಂಬ ಒಂದು ಸಣ್ಣ ತಂತ್ರಾಂಶ. ಯಾವ ಕಾರ್ಡಿಗೆ ಯಾವ ಆಜ್ಞೆಯನ್ನು ಯಾವ ರೀತಿಯಲ್ಲಿ ಕೊಡಬೇಕೆಂಬುದು ಮೂಲ ವ್ಯವಸ್ಥೆಗೆ ಗೊತ್ತಿರುವುದಿಲ್ಲ, ಡ್ರೈವರಿಗೆ ಗೊತ್ತು. ಒಂದೊಂದು ಕಂಪನಿಯ ಕಾರ್ಡಿಗೂ, ಒಂದೇ ಕಂಪನಿಯ ಬೇರೆ ಬೇರೆ ಕಾರ್ಡಿಗೂ, ಡ್ರೈವರು ಬೇರೆ.

ಯಂತ್ರವನ್ನು ಕಾರ್ಖಾನೆಯಿಂದ ಕಳಿಸುವಾಗ ತಯಾರಕರು ತಕ್ಕ ಡ್ರೈವರನ್ನು ಮೊದಲೇ ಹಾಕಿ ಕಳಿಸಿರುತ್ತಾರೆ. ಆದ್ದರಿಂದ ಅದರ ಇರವೇ ನಮಗೆ ತಿಳಿದಿರುವುದಿಲ್ಲ. ಡಿಸ್ಕನ್ನು ಅಳಿಸಿದಾಗ ಹಳೆಯ ವ್ಯವಸ್ಥೆಯೊಡನೆ ಅದೂ ಹೋಯಿತು. ಹೊಸ ವ್ಯವಸ್ಥೆ ತನ್ನೊಡನೆ ಸಾವಿರಾರು ಡ್ರೈವರುಗಳನ್ನು ತರುತ್ತದೆ ನಿಜ. ನಿಮ್ಮ ಕಾರ್ಡಿನದು ಅದರಲ್ಲಿದ್ದರೆ ಎಲ್ಲವೂ ತಾನಾಗಿ ನಡೆಯುತ್ತದೆ. ನೀವು ಈ ಲೇಖನ ಓದುವ ಕಷ್ಟವೂ ತಪ್ಪುತ್ತದೆ. ಇಲ್ಲದಿದ್ದರೆ ಕಾರ್ಡು ಇದ್ದೂ ಇಲ್ಲದಂತೆ.

ತೊಂದರೆ ಯಾರದು?

ಯಂತ್ರಕ್ಕೆ ಕೈಹಾಕುವ ಮುನ್ನ ಮನೆಯ ಫೋನೊಂದನ್ನು ತೆಗೆದುಕೊಂಡು, ಅದರ ಮೊಬೈಲ್ ಡೇಟಾವನ್ನು ಆರಿಸಿ, ವೈ-ಫೈ ಮೂಲಕವೇ ಯಾವುದಾದರೊಂದು ಪುಟ ತೆರೆಯುತ್ತದೆಯೇ ನೋಡಿ. ತೆರೆಯದಿದ್ದರೆ ತೊಂದರೆ ರೂಟರಿನಲ್ಲೋ ಸಂಪರ್ಕ ಕೊಡುವವರಲ್ಲೋ ಇದೆ. ಲ್ಯಾಪ್‌ಟಾಪನ್ನು ದೂಷಿಸಿ ಫಲವಿಲ್ಲ. ತೆರೆದರೆ ಮನೆಯ ಜಾಲ ನೆಟ್ಟಗಿದೆ, ತೊಂದರೆ ಲ್ಯಾಪ್‌ಟಾಪಿನದೇ ಎಂದು ಖಚಿತವಾಯಿತು. ಎರಡು ನಿಮಿಷದ ಈ ಪರೀಕ್ಷೆಯನ್ನು ಬಿಟ್ಟು ಎರಡು ದಿನ ಅಲೆದವರುಂಟು.

ಇನ್ನೊಂದನ್ನೂ ಇಲ್ಲಿಯೇ ಕೇಳಿಕೊಳ್ಳಿ. ಹೊಸ ವ್ಯವಸ್ಥೆ ಹಾಕುವಾಗ ಯಂತ್ರದ ತಳವನ್ನು ಬಿಚ್ಚಿದ್ದರೇ? ಡಿಸ್ಕು ಬದಲಾಯಿಸಲೆಂದು ಬಿಚ್ಚಿದ್ದರೆ ಕಾರ್ಡು ತನ್ನ ಗೂಡಿನಿಂದ ಸಡಿಲಾಗಿರಬಹುದು, ಇಲ್ಲವೆ ಏರಿಯಲ್ಲಿನ ತಂತಿ ಕಳಚಿರಬಹುದು. ಅದು ಬಿಚ್ಚಿದವರೇ ಸರಿಪಡಿಸತಕ್ಕ ವಿಷಯ. ಬಿಚ್ಚಿಲ್ಲವೆಂದಾದರೆ ಮುಂದಿನ ಹೆಜ್ಜೆ ಇಡೋಣ.

ವ್ಯವಸ್ಥೆಯನ್ನೇ ಕೇಳಿ ನೋಡಿ

ವಿಂಡೋಸಿನಲ್ಲಿ 'ಡಿವೈಸ್ ಮ್ಯಾನೇಜರ್' ಎಂಬ ಪಟ್ಟಿಯೊಂದಿದೆ. ಕೆಳಗಿನ ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಬರುವ ಸಾಲುಗಳಲ್ಲಿ ಅದರ ಹೆಸರಿರುತ್ತದೆ. ಯಂತ್ರದೊಳಗಿನ ಸಕಲ ಭಾಗಗಳ ಹಾಜರಿ ಪುಸ್ತಕವದು. ಅದರಲ್ಲಿ 'ನೆಟ್‌ವರ್ಕ್ ಅಡಾಪ್ಟರ್ಸ್' ಎಂಬ ಶೀರ್ಷಿಕೆಯನ್ನು ತೆರೆದು ನೋಡಿ. ನಾಲ್ಕರಲ್ಲಿ ಒಂದು ಸ್ಥಿತಿ ಕಂಡುಬರುತ್ತದೆ.

ಮೊದಲನೆಯದು: ಅಲ್ಲಿ ವೈರ್‌ಲೆಸ್ ಕಾರ್ಡಿನ ಹೆಸರಿಲ್ಲ, ಆದರೆ 'ಅದರ್ ಡಿವೈಸಸ್' ಎಂಬ ಕಡೆ 'ನೆಟ್‌ವರ್ಕ್ ಕಂಟ್ರೋಲರ್' ಎಂದು ಹಳದಿ ಗುರುತಿನೊಡನೆ ಬರೆದಿದೆ. ಅದನ್ನು ತೆರೆದರೆ ಸಾಮಾನ್ಯವಾಗಿ 'ಕೋಡ್ 28' ಎಂಬ ಸಂಖ್ಯೆ ಕಾಣುತ್ತದೆ. ಅದರ ಅರ್ಥ ಡ್ರೈವರು ಸ್ಥಾಪಿತವಾಗಿಲ್ಲ ಎಂದು. ಹೊಸ ವ್ಯವಸ್ಥೆಯ ನಂತರ ಅತಿ ಸಾಮಾನ್ಯವಾದ ಸ್ಥಿತಿ ಇದೇ. ಸಂತೋಷದ ಸ್ಥಿತಿಯೂ ಹೌದು. ಕಾರ್ಡು "ನಾನಿದ್ದೇನೆ" ಎಂದು ಕೂಗಿ ಹೇಳುತ್ತಿದೆ. ಅದರ ಭಾಷೆ ತಿಳಿದವರು ಇಲ್ಲ, ಅಷ್ಟೆ.

ಎರಡನೆಯದು: ಹೆಸರಿದೆ, ಆದರೆ ಅದರ ಮೇಲೆ ಕೆಳಮುಖದ ಬಾಣದ ಗುರುತಿದೆ, ತೆರೆದರೆ 'ಕೋಡ್ 22' ಇದೆ. ಯಾರೋ ಅದನ್ನು ನಿಷ್ಕ್ರಿಯಗೊಳಿಸಿದ್ದಾರೆ. ಬಲಗುಂಡಿ ಒತ್ತಿ 'ಎನೇಬಲ್' ಎಂದರಾಯಿತು.

ಮೂರನೆಯದು: ಹೆಸರಿದೆ, ಹಳದಿ ಗುರುತೂ ಇದೆ, ಸಂಖ್ಯೆ 'ಕೋಡ್ 10'. ಕಾರ್ಡು ಎದ್ದು ನಿಲ್ಲಲಾರದೆ ಇದೆ ಎಂದು ಅರ್ಥ. ಡ್ರೈವರು ತಕ್ಕುದಲ್ಲದಿರಬಹುದು. ಮೊದಲು ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರು ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು, ಮತ್ತೆ ಹಚ್ಚಿ ನೋಡಿ. ಎಷ್ಟೋ ಸಲ ಇಷ್ಟರಿಂದಲೇ ಕಾರ್ಡು ಎಚ್ಚರಗೊಳ್ಳುತ್ತದೆ. ಆಗದಿದ್ದರೆ ತಯಾರಕರ ಡ್ರೈವರನ್ನು ಹಾಕಬೇಕು.

ನಾಲ್ಕನೆಯದು: ಹೆಸರಿದೆ, ಯಾವ ಗುರುತೂ ಇಲ್ಲ. ಹಾಗಾದರೆ ಡ್ರೈವರಿನ ಚಿಂತೆ ಸದ್ಯಕ್ಕೆ ಬೇಡ. ತೊಂದರೆ ಮುಂದಿನ ಹಂತದಲ್ಲಿದೆ.

ಕಾರ್ಡಿನ ಕುಲಗೋತ್ರ

ಡ್ರೈವರು ಬೇಕೆಂದಾಯಿತು. ಯಾವುದು ಬೇಕು? ಇಲ್ಲಿಯೇ ಬಹಳ ಜನ ಎಡವುವುದು. ಒಂದೇ ಹೆಸರಿನ ಲ್ಯಾಪ್‌ಟಾಪಿಗೆ ತಯಾರಕರು ಒಂದು ಕಂತಿನಲ್ಲಿ ಒಂದು ಕಂಪನಿಯ ಕಾರ್ಡನ್ನೂ ಇನ್ನೊಂದು ಕಂತಿನಲ್ಲಿ ಮತ್ತೊಂದರದನ್ನೂ ಹಾಕಿರುತ್ತಾರೆ. ತಯಾರಕರ ಪುಟದಲ್ಲಿ ವೈರ್‌ಲೆಸ್ ಎಂಬ ಶೀರ್ಷಿಕೆಯ ಕೆಳಗೆ ಮೂರು ಡ್ರೈವರುಗಳಿದ್ದರೆ, ಮೂರೂ ನಿಮ್ಮವಲ್ಲ. ಒಂದು ಮಾತ್ರ ನಿಮ್ಮದು.

ಅದನ್ನು ತಿಳಿಯುವ ಉಪಾಯ ಸುಲಭವಾಗಿದೆ. ಆ ಹಳದಿ ಗುರುತಿನ ಸಾಲಿನ ಮೇಲೆ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ತೆರೆಯಿರಿ. ಅಲ್ಲಿ 'ಡೀಟೇಲ್ಸ್' ಎಂಬ ಹಾಳೆಯಲ್ಲಿ 'ಹಾರ್ಡ್‌ವೇರ್ ಐಡಿ' ಆರಿಸಿದರೆ ಒಂದು ಉದ್ದನೆಯ ಬರಹ ಕಾಣುತ್ತದೆ. ಅದರಲ್ಲಿ 'ವೆನ್' ಎಂಬ ಅಕ್ಷರಗಳ ಮುಂದಿನ ನಾಲ್ಕು ಸ್ಥಾನಗಳೇ ಕಾರ್ಡಿನ ಗೋತ್ರ. 8086 ಎಂದಿದ್ದರೆ ಇಂಟೆಲ್. ಆ ಕಂಪನಿ 1978ರಲ್ಲಿ ಹೊರತಂದ ಪ್ರಸಿದ್ಧ ಚಿಪ್ಪಿನ ಸಂಖ್ಯೆಯೇ ಅದರ ಗುರುತಾಗಿ ಉಳಿದಿದೆ. 10ಇಸಿ ಎಂದಿದ್ದರೆ ರಿಯಲ್‌ಟೆಕ್, 14ಸಿ3 ಮೀಡಿಯಾಟೆಕ್, 168ಸಿ ಕ್ವಾಲ್‌ಕಾಮ್ ಅಥೆರೋಸ್, 14ಇ4 ಬ್ರಾಡ್‌ಕಾಮ್. ಅದರ ಮುಂದೆ 'ಡೆವ್' ಎಂಬುದರ ನಂತರದ ನಾಲ್ಕು ಸ್ಥಾನಗಳು ಆ ಕಂಪನಿಯ ಯಾವ ಕಾರ್ಡೆಂಬುದನ್ನು ಹೇಳುತ್ತವೆ. ಎರಡನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಪಟ್ಟಿಯಲ್ಲಿ 'ಈಥರ್‌ನೆಟ್ ಕಂಟ್ರೋಲರ್' ಎಂದು ಇನ್ನೊಂದು ಸಾಲಿದ್ದರೆ ಅದು ತಂತಿಯ ಜಾಲದ ಭಾಗ. ಅದನ್ನು ಇದರೊಡನೆ ಬೆರೆಸಬೇಡಿ.

ಇನ್ನು ಡ್ರೈವರನ್ನು ಎಲ್ಲಿಂದ ತರಬೇಕು? ಲ್ಯಾಪ್‌ಟಾಪು ತಯಾರಿಸಿದ ಕಂಪನಿಯ ಸ್ವಂತ ಪುಟದಿಂದ. ಯಂತ್ರದ ತಳದಲ್ಲಿ ಅಂಟಿಸಿದ ಚೀಟಿಯಲ್ಲಿ ಮಾದರಿಯ ಹೆಸರೂ ಕ್ರಮಸಂಖ್ಯೆಯೂ ಇರುತ್ತವೆ. ಅವನ್ನು ಕೊಟ್ಟು ಹುಡುಕಬೇಕು. "ನಿಮ್ಮ ಯಂತ್ರದ ಎಲ್ಲ ಡ್ರೈವರುಗಳನ್ನೂ ನಾವೇ ಹುಡುಕಿ ಹಾಕುತ್ತೇವೆ" ಎಂದು ಆಮಿಷ ತೋರುವ ಅಪರಿಚಿತ ತಂತ್ರಾಂಶಗಳ ಸಹವಾಸ ಬೇಡ. ಅವುಗಳಲ್ಲಿ ಕೆಲವು ಹಣ ಕೇಳುತ್ತವೆ. ಕೆಲವು ನೀವು ಈಗತಾನೆ ಕಷ್ಟಪಟ್ಟು ತೊಳೆದ ಯಂತ್ರಕ್ಕೆ ಮತ್ತೆ ಕೊಳೆ ತುಂಬುತ್ತವೆ.

ಬಾವಿಯೊಳಗಿನ ಹಗ್ಗ

ಇಲ್ಲೊಂದು ವಿನೋದವಾದ ಸಂಕಟವಿದೆ. ಜಾಲಕ್ಕೆ ಸೇರಲು ಡ್ರೈವರು ಬೇಕು. ಡ್ರೈವರು ಇರುವುದು ಜಾಲದಲ್ಲಿ. ನೀರು ಸೇದುವ ಹಗ್ಗವೇ ಬಾವಿಯೊಳಗೆ ಬಿದ್ದಂತಾಯಿತು. ಇದರಿಂದ ಪಾರಾಗಲು ಮೂರು ದಾರಿಗಳಿವೆ.

ಯಂತ್ರದಲ್ಲಿ ಈಥರ್‌ನೆಟ್ ಕಿಂಡಿ ಇದ್ದರೆ ರೂಟರಿನಿಂದ ಒಂದು ತಂತಿ ಎಳೆದು ಚುಚ್ಚಿ. ತಂತಿಯ ಕಾರ್ಡಿಗೆ ಬೇಕಾದ ಡ್ರೈವರು ಸಾಮಾನ್ಯವಾಗಿ ವ್ಯವಸ್ಥೆಯಲ್ಲೇ ಇರುತ್ತದೆ. ಸಂಪರ್ಕ ಬಂದ ಮೇಲೆ ವಿಂಡೋಸ್ ಅಪ್‌ಡೇಟನ್ನು ಓಡಿಸಿದರೆ ಎಷ್ಟೋ ಸಲ ವೈರ್‌ಲೆಸ್ ಡ್ರೈವರು ತಾನಾಗಿಯೇ ಬಂದು ಕೂಡುತ್ತದೆ.

ಈಗಿನ ತೆಳು ಯಂತ್ರಗಳಲ್ಲಿ ಆ ಕಿಂಡಿಯೇ ಇರುವುದಿಲ್ಲ. ಆಗ ಆಂಡ್ರಾಯ್ಡ್ ಫೋನು ಕೈಹಿಡಿಯುತ್ತದೆ. ಅದನ್ನು ಚಾರ್ಜು ಮಾಡುವ ಯುಎಸ್‌ಬಿ ತಂತಿಯಿಂದಲೇ ಲ್ಯಾಪ್‌ಟಾಪಿಗೆ ಸೇರಿಸಿ, ಫೋನಿನ ಸೆಟ್ಟಿಂಗಿನಲ್ಲಿ 'ಯುಎಸ್‌ಬಿ ಟೆದರಿಂಗ್' ಎಂಬುದನ್ನು ಹಚ್ಚಿ. ಲ್ಯಾಪ್‌ಟಾಪು ಫೋನನ್ನೇ ತಂತಿಯ ಜಾಲವೆಂದು ಬಗೆದು ಸಂಪರ್ಕ ಪಡೆಯುತ್ತದೆ. ಬಹುಪಾಲು ಫೋನುಗಳಲ್ಲಿ ಒಂದು ಅನುಕೂಲವೂ ಉಂಟು: ಫೋನು ಮನೆಯ ವೈ-ಫೈಯಲ್ಲಿದ್ದರೆ ಅದೇ ಸಂಪರ್ಕವನ್ನು ತಂತಿಯ ಮೂಲಕ ಹಂಚುತ್ತದೆ, ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ತಂತಿ ಮಾತ್ರ ಚಾರ್ಜಿಗಷ್ಟೇ ಆಗುವ ಅಗ್ಗದ್ದಾಗಿರಕೂಡದು, ಮಾಹಿತಿಯನ್ನೂ ಸಾಗಿಸುವಂತಹುದಾಗಿರಬೇಕು. ಐಫೋನಿನಲ್ಲಿ ಈ ಉಪಾಯ ಅಷ್ಟು ಸುಲಭವಲ್ಲ. ವಿಂಡೋಸಿಗೆ ಆಪಲ್ ಕಂಪನಿಯ ಡ್ರೈವರು ಮೊದಲೇ ಬೇಕಾಗುತ್ತದೆ.

ಮೂರನೆಯ ದಾರಿ ಹಳೆಯದು, ನಂಬಿಗಸ್ತ. ನೆರೆಮನೆಯ ಯಂತ್ರದಲ್ಲೋ ನಿಮ್ಮ ಫೋನಿನಲ್ಲೋ ಡ್ರೈವರಿನ ಕಡತವನ್ನು ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತಂದು ಹಾಕುವುದು.

ವಿಂಡೋಸ್ 11 ಹಾಕುವವರಿಗೆ ಈ ಸಂಕಟ ಇನ್ನೂ ಮುಂಚೆಯೇ ಎದುರಾಗುತ್ತದೆ. 2021ರಲ್ಲಿ ಬಂದ ಈ ವ್ಯವಸ್ಥೆಯ ಮನೆಬಳಕೆಯ ಆವೃತ್ತಿ ಸ್ಥಾಪನೆಯ ನಡುವೆಯೇ ಜಾಲಸಂಪರ್ಕ ಕೇಳುತ್ತದೆ. ಕಾರ್ಡಿಗೆ ಡ್ರೈವರಿಲ್ಲದಿದ್ದರೆ ಆ ಪರದೆಯಲ್ಲಿ ಯಾವ ಜಾಲದ ಹೆಸರೂ ಕಾಣದೆ ಕೆಲಸ ಅಲ್ಲಿಯೇ ನಿಂತುಬಿಡುತ್ತದೆ. ಯಂತ್ರ ಕೆಟ್ಟಿತೆಂದು ತಿಳಿಯಬೇಡಿ. ಅಲ್ಲಿಯೂ ಫೋನಿನ ತಂತಿಯನ್ನು ಚುಚ್ಚಿ ಟೆದರಿಂಗ್ ಹಚ್ಚಿದರೆ ಮುಂದುವರಿಯುತ್ತದೆ. ಈಚಿನ ಪ್ರತಿಗಳಲ್ಲಿ ಪೆನ್‌ಡ್ರೈವಿನಿಂದ ಡ್ರೈವರು ಹಾಕುವ ಗುಂಡಿಯನ್ನೂ ಅದೇ ಪರದೆಯಲ್ಲಿ ಕೊಟ್ಟಿದ್ದಾರೆ.

ಕಾರ್ಡು ಸರಿ, ಜಾಲ ಕಾಣದು

ಡಿವೈಸ್ ಮ್ಯಾನೇಜರಿನಲ್ಲಿ ಎಲ್ಲ ನೆಟ್ಟಗಿದ್ದರೂ ಒಂದು ಹೆಸರೂ ಕಾಣದಿದ್ದರೆ ರೇಡಿಯೋ ಆರಿಸಿದೆಯೇ ನೋಡಿ. ವಿಮಾನದ ಚಿತ್ರವಿರುವ 'ಏರ್‌ಪ್ಲೇನ್ ಮೋಡ್' ಹತ್ತಿರಬಹುದು. ಹಳೆಯ ಯಂತ್ರಗಳ ಬದಿಯಲ್ಲೋ ಮುಂಭಾಗದಲ್ಲೋ ಜಾರುವ ಸಣ್ಣ ಸ್ವಿಚ್ಚಿರುತ್ತದೆ. ಚೀಲದಲ್ಲಿಡುವಾಗ ತೆಗೆಯುವಾಗ ಅದು ಜಾರುವುದುಂಟು. ಕೆಲವು ಯಂತ್ರಗಳಲ್ಲಿ ಕೀಲಿಮಣೆಯ ಮೇಲುಸಾಲಿನ ಒಂದು ಕೀಲಿ ವೈ-ಫೈಯನ್ನು ಹಚ್ಚಿ ಆರಿಸುತ್ತದೆ. ಆ ಕೀಲಿ ಒತ್ತಿದರೂ ಏನೂ ಆಗದಿದ್ದರೆ ಅಚ್ಚರಿಪಡಬೇಡಿ: ಆ ವಿಶೇಷ ಕೀಲಿಗಳಿಗೂ ತಯಾರಕರದೇ ಒಂದು ತಂತ್ರಾಂಶ ಬೇಕು, ಅದೂ ಡಿಸ್ಕಿನೊಡನೆ ಅಳಿಸಿಹೋಗಿರುತ್ತದೆ. ಅದನ್ನೂ ತಯಾರಕರ ಪುಟದಿಂದಲೇ ತರಿಸಿಕೊಳ್ಳಬೇಕು.

ನೆರೆಹೊರೆಯವರ ಜಾಲಗಳೆಲ್ಲ ಕಂಡು ನಿಮ್ಮದೊಂದೇ ಕಾಣದಿದ್ದರೆ ವಿಷಯ ಬೇರೆ. ರೂಟರು 5 ಗಿಗಾಹರ್ಟ್ಸಿನಲ್ಲಿ ಮಾತ್ರ ಪ್ರಸಾರ ಮಾಡುತ್ತಿದ್ದು ಕಾರ್ಡು 2.4 ಮಾತ್ರ ಬಲ್ಲದ್ದಾದರೆ ಅದಕ್ಕೆ ಕೇಳಿಸದು; ಮಧ್ಯಮ ತರಂಗದ ಸೆಟ್ಟಿನಲ್ಲಿ ಎಫ್‌ಎಂ ಕೇಳಿಸದ ಹಾಗೆ. ಹಿಂದೆ ಹೇಳಿದ ಚಾನೆಲ್ಲಿನ ನಿಯಮವೂ ಕಾರಣವಾಗಬಹುದು. 2.4 ಗಿಗಾಹರ್ಟ್ಸಿನ ಪಟ್ಟಿಯಲ್ಲಿ ನಮ್ಮ ದೇಶದಲ್ಲಿ 13 ಚಾನೆಲ್ಲುಗಳನ್ನು ಬಳಸುತ್ತೇವೆ. ಅಮೆರಿಕದಲ್ಲಿ ಬಳಕೆಯಲ್ಲಿರುವುದು 11. ಹೊಸ ಡ್ರೈವರು ಅಮೆರಿಕದ ಪಟ್ಟಿಯನ್ನು ಹಿಡಿದುಕೊಂಡು ಕುಳಿತರೆ, ನಿಮ್ಮ ರೂಟರು 12 ಅಥವಾ 13ರಲ್ಲಿದ್ದಾಗ ಅದರ ಕಣ್ಣಿಗೆ ಬೀಳುವುದಿಲ್ಲ. ರೂಟರನ್ನು 1, 6 ಅಥವಾ 11ನೆಯ ಚಾನೆಲ್ಲಿಗೆ ತಿರುಗಿಸಿಟ್ಟರೆ ಎಲ್ಲರಿಗೂ ಕಾಣುತ್ತದೆ.

ಜಾಲ ಕಂಡರೂ ಸೇರದು

ಹೆಸರು ಕಾಣುತ್ತದೆ, ಸೇರಲು ಹೋದರೆ ಆಗುವುದಿಲ್ಲ. ಮೊದಲ ಕಾರಣ ಮರೆವು. ಸಂಕೇತಪದವನ್ನು ವರ್ಷಗಳ ಹಿಂದೆ ಒಮ್ಮೆ ಬರೆದು ಮರೆತಿದ್ದೆವು. ಹಳೆಯ ವ್ಯವಸ್ಥೆ ಅದನ್ನು ನಮ್ಮ ಪರವಾಗಿ ನೆನಪಿಟ್ಟುಕೊಂಡಿತ್ತು. ಅದೂ ಅಳಿದುಹೋಯಿತು. ರೂಟರಿನ ತಳದ ಚೀಟಿಯಲ್ಲಿ ಮೊದಲ ಸಂಕೇತಪದ ಮುದ್ರಿತವಾಗಿರುತ್ತದೆ. ಯಾರಾದರೂ ಬದಲಾಯಿಸಿದ್ದರೆ, ಆಗಲೇ ಜಾಲದಲ್ಲಿರುವ ಫೋನಿನ ವೈ-ಫೈ ಸೆಟ್ಟಿಂಗಿನಲ್ಲಿ 'ಶೇರ್' ಎಂಬುದನ್ನು ಒತ್ತಿ ನೋಡಿದರೆ ಬಹಳ ಫೋನುಗಳಲ್ಲಿ ಸಿಗುತ್ತದೆ. ದೊಡ್ಡಕ್ಷರ ಚಿಕ್ಕಕ್ಷರದ ಭೇದವನ್ನು ಮರೆಯಬೇಡಿ.

ಎರಡನೆಯ ಕಾರಣ ಬೀಗದ ಜಾತಿ. ವೈ-ಫೈಯ ಗೋಪ್ಯತೆಗೆ 2004ರಿಂದ ಡಬ್ಲ್ಯುಪಿಎ2 ಎಂಬ ಬೀಗವೂ, 2018ರಿಂದ ಡಬ್ಲ್ಯುಪಿಎ3 ಎಂಬ ಇನ್ನೂ ಬಲವಾದದ್ದೂ ಬಂದಿವೆ. ರೂಟರಿನಲ್ಲಿ ಮೂರನೆಯದನ್ನು ಮಾತ್ರ ಇಟ್ಟಿದ್ದು, ಲ್ಯಾಪ್‌ಟಾಪಿನ ಕಾರ್ಡೋ ಡ್ರೈವರೋ ಹಳೆಯದಾದರೆ, ಸರಿಯಾದ ಸಂಕೇತಪದ ಕೊಟ್ಟರೂ ಬಾಗಿಲು ತೆರೆಯದು. ರೂಟರನ್ನು ಎರಡನ್ನೂ ಒಪ್ಪುವ ಮಿಶ್ರ ಸ್ಥಿತಿಗೆ ಇಡಬೇಕು. ಬೇಸತ್ತು ಬೀಗವನ್ನೇ ತೆಗೆದುಹಾಕುವುದು ಮಾತ್ರ ಸಲ್ಲದು. ಬೀದಿಯಲ್ಲಿ ಹೋಗುವವರೆಲ್ಲ ನಿಮ್ಮ ಜಾಲದೊಳಗೆ ಬರಲು ದಾರಿ ಮಾಡಿದಂತಾಗುತ್ತದೆ.

ಮೂರನೆಯದು, ಸೇರಿದೆ ಎನ್ನುತ್ತದೆ, ಆದರೆ ಪುಟ ತೆರೆಯದು. ಆಗ ಆ ಸಂಪರ್ಕದ ವಿವರದಲ್ಲಿ 'ಐಪಿ ವಿಳಾಸ' ನೋಡಿ. ಅದು 169.254 ಎಂದು ಆರಂಭವಾದರೆ ರೂಟರಿನಿಂದ ಮನೆಯ ಸಂಖ್ಯೆ ಸಿಕ್ಕದೆ ಯಂತ್ರ ತಾನೇ ಒಂದನ್ನು ಬರೆದುಕೊಂಡಿದೆ ಎಂದು ಅರ್ಥ. ರೂಟರನ್ನು ಒಂದು ನಿಮಿಷ ಆರಿಸಿ ಹಚ್ಚಿ, ಲ್ಯಾಪ್‌ಟಾಪಿನಲ್ಲಿ ಆ ಜಾಲವನ್ನು 'ಫರ್ಗೆಟ್' ಮಾಡಿ ಮತ್ತೆ ಸೇರಿಸಿ. ವಿಳಾಸ ಸರಿಯಾಗಿದ್ದೂ ಪ್ರತಿಯೊಂದು ಪುಟವೂ "ಸುರಕ್ಷಿತವಲ್ಲ" ಎಂದು ಹೆದರಿಸಿದರೆ ಗಡಿಯಾರದ ಕಡೆ ಕಣ್ಣು ಹಾಯಿಸಿ. ಯಂತ್ರದ ದಿನಾಂಕ ಹಲವು ವರ್ಷ ಹಿಂದಿದ್ದರೆ ಪುಟಗಳ ಭದ್ರತಾಪತ್ರಗಳೆಲ್ಲ ಅದಕ್ಕೆ ಸುಳ್ಳಾಗಿ ತೋರುತ್ತವೆ. ದಿನಾಂಕ ತಿದ್ದಿದರೆ ಭಯ ಹೋಯಿತು.

ಬಂದು ಬಂದು ಹೋಗುವ ಸಂಪರ್ಕ

ಎಲ್ಲ ಸರಿಯಾಯಿತೆಂದು ಕುಳಿತರೆ ಹತ್ತು ನಿಮಿಷಕ್ಕೊಮ್ಮೆ ಸಂಪರ್ಕ ಕಡಿಯುತ್ತದೆ. ಇದಕ್ಕೆ ಎರಡು ಕಾರಣ ಮುಖ್ಯ. ಹೊಸ ವ್ಯವಸ್ಥೆ ತನ್ನ ಭಂಡಾರದಿಂದ ಹಾಕಿಕೊಂಡ ಸಾಧಾರಣ ಡ್ರೈವರು ಕೆಲಸ ನಡೆಸುವಷ್ಟಿರುತ್ತದೆ, ಪಳಗಿದ ಕೈಯಾಗಿರುವುದಿಲ್ಲ. ತಯಾರಕರದನ್ನು ಹಾಕಿದರೆ ಸರಿಹೋಗುತ್ತದೆ. ಇನ್ನೊಂದು, ವಿದ್ಯುತ್ತು ಉಳಿಸುವ ಆಸೆಯಿಂದ ವ್ಯವಸ್ಥೆ ಕಾರ್ಡನ್ನು ಆಗಾಗ ಮಲಗಿಸುವುದು. ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಪ್ರಾಪರ್ಟೀಸ್ ತೆರೆದಾಗ 'ಪವರ್ ಮ್ಯಾನೇಜ್‌ಮೆಂಟ್' ಎಂಬ ಹಾಳೆ ಕಂಡರೆ, ಅಲ್ಲಿರುವ ಮೊದಲ ಚೌಕದ ಗುರುತನ್ನು ತೆಗೆಯಿರಿ. ಬ್ಯಾಟರಿ ತುಸು ಬೇಗ ಇಳಿದೀತು, ನೆಮ್ಮದಿ ಇರುತ್ತದೆ.

ಲಿನಕ್ಸ್ ಹಾಕಿದವರಿಗೆ

ಹಳೆಯ ಯಂತ್ರಕ್ಕೆ ಉಬುಂಟು, ಡೆಬಿಯನ್ ಮೊದಲಾದ ಲಿನಕ್ಸ್ ವ್ಯವಸ್ಥೆ ಹಾಕಿ ಮರುಜೀವ ಕೊಡುವವರಿದ್ದಾರೆ. ಅಲ್ಲಿ ಡ್ರೈವರಿನ ಜೊತೆಗೆ 'ಫರ್ಮ್‌ವೇರ್' ಎಂಬ ಇನ್ನೊಂದು ಕಡತವೂ ಬೇಕಾಗುತ್ತದೆ. ಅದು ಕಾರ್ಡಿನೊಳಗೇ ಓಡುವ ತಂತ್ರಾಂಶ. ಅದರ ಮೂಲಬರಹವನ್ನು ಕಂಪನಿಗಳು ಹೊರಗೆ ಕೊಡುವುದಿಲ್ಲ. ಮೂಲ ಬಹಿರಂಗವಾಗಿರಬೇಕೆಂಬ ತತ್ತ್ವ ಹಿಡಿದ ಡೆಬಿಯನ್ ಬಳಗ ಬಹುಕಾಲ ಅಂತಹ ಕಡತಗಳನ್ನು ತನ್ನ ಸ್ಥಾಪನಾ ಪ್ರತಿಯಲ್ಲಿ ಸೇರಿಸಿರಲಿಲ್ಲ. 2022ರಲ್ಲಿ ಸದಸ್ಯರು ಮತ ಹಾಕಿ ಸೇರಿಸಲು ಒಪ್ಪಿದರು. 2023ರ ಜೂನಿನಲ್ಲಿ ಬಂದ 12ನೆಯ ಆವೃತ್ತಿಯಿಂದ ಆ ತೊಡಕು ಬಹಳಮಟ್ಟಿಗೆ ತಗ್ಗಿದೆ.

ಬ್ರಾಡ್‌ಕಾಮ್ ಕಾರ್ಡಿನ ಹಳೆಯ ಯಂತ್ರಗಳು ಇನ್ನೂ ಕಾಡುತ್ತವೆ. ಉಬುಂಟುವಿನಲ್ಲಿ ಫೋನಿನ ತಂತಿಯಿಂದ ಸಂಪರ್ಕ ಪಡೆದು 'ಅಡಿಷನಲ್ ಡ್ರೈವರ್ಸ್' ಎಂಬಲ್ಲಿ ಹುಡುಕಿದರೆ ತಕ್ಕದ್ದು ದೊರೆಯುತ್ತದೆ. ಯಂತ್ರದಲ್ಲಿ 'ಸೆಕ್ಯೂರ್ ಬೂಟ್' ಎಂಬ ಕಾವಲಿದ್ದರೆ ಆಗ ಒಂದು ಸಂಕೇತಪದ ಕೇಳಿ, ಮುಂದಿನ ಸಲ ಯಂತ್ರ ಏಳುವಾಗ ನೀಲಿ ಪರದೆಯಲ್ಲಿ ಅದನ್ನೇ ಮತ್ತೆ ಕೇಳುತ್ತದೆ. ಹೆದರಿ ಮುಂದೆ ಸರಿದುಬಿಟ್ಟರೆ ಡ್ರೈವರು ಒಳಗಿದ್ದೂ ಕೆಲಸ ಮಾಡದು. ಕಾರ್ಡು ಇದ್ದೂ ಆರಿಸಿದಂತಿದ್ದರೆ ಟರ್ಮಿನಲ್ಲಿನಲ್ಲಿ 'ಆರ್‌ಎಫ್‌ಕಿಲ್ ಲಿಸ್ಟ್' ಎಂಬ ಆಜ್ಞೆ ಕೊಡಿ. ತಡೆ ತಂತ್ರಾಂಶದ್ದೋ ಸ್ವಿಚ್ಚಿನದೋ ಎಂದು ಬೇರೆಬೇರೆಯಾಗಿ ಹೇಳುತ್ತದೆ.

ನಿಜವಾಗಿ ಕೆಟ್ಟಿದ್ದರೆ?

ಕಾರ್ಡುಗಳು ಕೆಡುವುದೇ ಇಲ್ಲವೆಂದಲ್ಲ. ಹಾಜರಿ ಪುಸ್ತಕದಲ್ಲಿ ಅದರ ಹೆಸರು ಎಲ್ಲಿಯೂ ಇಲ್ಲ, ಹಳದಿ ಗುರುತಿನ ಅಪರಿಚಿತನೂ ಇಲ್ಲ, ಪವರ್ ಗುಂಡಿಯ ಉಪಾಯವೂ ನಡೆಯಲಿಲ್ಲ, ಪೆನ್‌ಡ್ರೈವಿನಿಂದ ಲಿನಕ್ಸನ್ನು ತಾತ್ಕಾಲಿಕವಾಗಿ ಓಡಿಸಿದಾಗಲೂ ಕಾಣಲಿಲ್ಲ ಎಂದಾದರೆ ಆಗ ಕಾರ್ಡನ್ನು ಶಂಕಿಸಬಹುದು. ಆಗಲೂ ಲ್ಯಾಪ್‌ಟಾಪನ್ನು ಬಿಸಾಡಬೇಕಾಗಿಲ್ಲ. ಯುಎಸ್‌ಬಿ ಕಿಂಡಿಗೆ ಚುಚ್ಚುವ ಹೆಬ್ಬೆರಳಿನಷ್ಟು ವೈ-ಫೈ ಅಡಾಪ್ಟರು ಅಗ್ಗವಾಗಿ ದೊರೆಯುತ್ತದೆ, ಕೆಲಸ ನಡೆಯುತ್ತದೆ. ಅಂಗಡಿಗೆ ಹೋದರೂ, ಕಾರ್ಡು ಹೋಗಿದೆ ಎಂದವರನ್ನು "ಡಿವೈಸ್ ಮ್ಯಾನೇಜರಿನಲ್ಲಿ ಏನು ಕಂಡಿತು?" ಎಂದು ಸಮಾಧಾನವಾಗಿ ಕೇಳಿ. ಕೆಲಸ ಬಲ್ಲವರು ಸಂತೋಷದಿಂದ ತೋರಿಸುತ್ತಾರೆ.

ಅಳಿಸುವ ಮುನ್ನ ಅರ್ಧ ಗಂಟೆ

ಇಷ್ಟೆಲ್ಲ ಹುಡುಕಾಟವನ್ನು ಬಹುಮಟ್ಟಿಗೆ ತಪ್ಪಿಸುವ ಒಂದು ಕೆಲಸವಿದೆ. ಅದನ್ನು ಡಿಸ್ಕು ಅಳಿಸುವ ಮುನ್ನ ಮಾಡಬೇಕು. ಹಳೆಯ ವ್ಯವಸ್ಥೆ ಇನ್ನೂ ಓಡುತ್ತಿರುವಾಗಲೇ ಡಿವೈಸ್ ಮ್ಯಾನೇಜರ್ ತೆರೆದು ವೈರ್‌ಲೆಸ್ ಕಾರ್ಡಿನ ಪೂರ್ತಿ ಹೆಸರನ್ನು ಬರೆದುಕೊಳ್ಳಿ. ತಯಾರಕರ ಪುಟದಿಂದ ಅದರ ಡ್ರೈವರನ್ನು ಇಳಿಸಿ ಪೆನ್‌ಡ್ರೈವಿನಲ್ಲಿಡಿ. ವಿಂಡೋಸಿನ 'ಪಿಎನ್‌ಪಿಯುಟಿಲ್' ಎಂಬ ಆಜ್ಞೆಯಲ್ಲಿ ಹೊರಗಿನಿಂದ ಬಂದ ಎಲ್ಲ ಡ್ರೈವರುಗಳನ್ನೂ ಒಂದೇ ಸಲಕ್ಕೆ ನಕಲು ತೆಗೆಯುವ ಅನುಕೂಲ ಉಂಟು. ಅಂಗಡಿಯಲ್ಲಿ ಮಾಡಿಸುವುದಾದರೆ ಹಾಗೆ ಮಾಡಿಕೊಡಲು ಮೊದಲೇ ಹೇಳಿ. ವೈ-ಫೈ ಸಂಕೇತಪದವನ್ನೂ ಯಂತ್ರದ ಕ್ರಮಸಂಖ್ಯೆಯನ್ನೂ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಚಿತ್ರಗಳು, ಪತ್ರಗಳು, ಮಕ್ಕಳ ಅಂಕಪಟ್ಟಿಗಳು ಬೇರೊಂದು ಕಡೆ ನಕಲಾಗಿವೆಯೇ ಎಂದು ನೀವೇ ತೆರೆದು ನೋಡಿ. ಡ್ರೈವರು ಮತ್ತೆ ಸಿಕ್ಕೀತು, ಅವು ಸಿಕ್ಕವು.

ಹಾಗೂ ಸಂಪರ್ಕ ಬಾರದಿದ್ದರೆ ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿ: ಮನೆಯ ಜಾಲ ಸರಿಯಿದೆಯೇ, ಕಾರ್ಡು ಹಾಜರಿದೆಯೇ, ಡ್ರೈವರಿದೆಯೇ, ರೇಡಿಯೋ ಹತ್ತಿದೆಯೇ, ಜಾಲ ಕಾಣುತ್ತಿದೆಯೇ, ಬೀಗ ತೆರೆಯಿತೇ, ವಿಳಾಸ ಸಿಕ್ಕಿತೇ. ಯಾವ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರ ಬಂತೋ ಅಲ್ಲಿಯೇ ನಿಂತು ಅದನ್ನು ಸರಿಪಡಿಸಿ, ಬಳಿಕ ಮುಂದೆ ಹೋಗಿ. ಹಣದ ಚೀಲಕ್ಕೆ ಕೈಹಾಕುವುದು ಕೊನೆಯ ಪ್ರಶ್ನೆಯ ನಂತರದ ಮಾತು.